ಹಿರೇಮಣಿಯೂ ಯಂತ್ರವೂ

ಮುಂಗಾರು ಮಳೆಗೂ ಶಾಲೆಯ ಗಂಟೆಗೂ ನಮ್ಮ ಸೀಮೆಯಲ್ಲಿ ಹಳೆಯ ನಂಟು. ಕೂಡ್ಲಿಗಿ, ಕೊಟ್ಟೂರುಗಳ ಕೆಂಪು ಹೊಲಗಳಲ್ಲಿ ಕೂರಿಗೆ ಹೂಡುವ ದಿನಗಳಲ್ಲಿಯೇ ಮಕ್ಕಳು ಹೊಸ ಪುಸ್ತಕಗಳನ್ನು ಎದೆಗವಚಿಕೊಂಡು ಶಾಲೆಯ ಹಾದಿ ಹಿಡಿಯುತ್ತಾರೆ. ಅದೇ ದಿನಗಳಲ್ಲಿ ಇನ್ನೂ ಕೆಲವರು ಶಾಲೆಯ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಅವರ ಕೈಯಲ್ಲಿ ಅಂಕಪಟ್ಟಿಗಳ ಚೀಲ. ಮುಖದಲ್ಲಿ, ಈ ವರ್ಷವೂ ನಮ್ಮನ್ನು ಕರೆಯುವರೋ ಇಲ್ಲವೋ ಎಂಬ ಅಳುಕು. ಇವರೇ ನಮ್ಮ ಅತಿಥಿ ಶಿಕ್ಷಕರು.

ಅತಿಥಿಯೆಂಬ ಮಾತಿಗೆ ನಮ್ಮ ಮನೆಗಳಲ್ಲಿ ಎಷ್ಟೊಂದು ಗೌರವವಿದೆ! ಮನೆಗೆ ಬಂದವರಿಗೆ ಕಾಲಿಗೆ ನೀರು ಕೊಟ್ಟು, ಗದ್ದುಗೆ ಹಾಸಿ, ತಾವು ಉಣ್ಣುವ ಮೊದಲು ಅವರಿಗೆ ಉಣಬಡಿಸುವುದು ಹಿರಿಯರಿಂದ ಬಂದ ನಡವಳಿಕೆ. ಆದರೆ ಶಾಲೆಯ ಅತಿಥಿಯ ಪಾಡೇ ಬೇರೆ. ಶೈಕ್ಷಣಿಕ ವರ್ಷ ಮುಗಿಯಿತೆಂದರೆ ಅವರ ಋಣವೂ ತೀರಿತು. ರಜೆಯ ತಿಂಗಳುಗಳಿಗೆ ಗೌರವಧನವಿಲ್ಲ, ಸೇವೆಗೆ ಭದ್ರತೆಯಿಲ್ಲ. ೨೦೨೫-೨೬ರ ರಾಜ್ಯ ಬಜೆಟ್ಟಿನಲ್ಲಿ ಅವರ ಮಾಸಿಕ ಗೌರವಧನವನ್ನು ೨,೦೦೦ ರೂಪಾಯಿಗಳಷ್ಟು ಹೆಚ್ಚಿಸಿದ್ದು ಸಂತೋಷದ ಸಂಗತಿಯೇ. ಹೆಚ್ಚಿದ ಮೇಲೆಯೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ದೊರೆಯುವುದು ಹನ್ನೆರಡು ಸಾವಿರವಷ್ಟೆ. ರಾಜ್ಯದ ಸರಕಾರಿ ಶಾಲೆಗಳಲ್ಲಿ ಇಂಥವರ ಸಂಖ್ಯೆ ಐವತ್ತು ಸಾವಿರದ ಆಚೀಚೆ ಇದೆ. ನಮ್ಮ ಓದುಗ ಮನೆಗಳಲ್ಲಿಯೂ ಡಿ.ಎಡ್., ಬಿ.ಎಡ್. ಮುಗಿಸಿದ ಒಬ್ಬ ಮಗಳೋ, ಒಬ್ಬ ಸೊಸೆಯೋ, ಒಬ್ಬ ತಮ್ಮನೋ ಈ ಕಾಯಕದಲ್ಲಿ ಇರಬಹುದು.

ಈ ತಿಂಗಳು ನಾವು ಈ ಮಾತನ್ನು ಎತ್ತಿಕೊಂಡುದಕ್ಕೆ ಒಂದು ಕಾರಣವಿದೆ. ಕೃತಕ ಬುದ್ಧಿಮತ್ತೆಯೆಂಬ ಹೊಸ ಶಕ್ತಿಯೊಂದು ಮೊಬೈಲಿನ ಮೂಲಕ ಹಳ್ಳಿಯ ತರಗತಿಯನ್ನೂ ಪ್ರವೇಶಿಸಿದೆ. ಪಾಠದ ಯೋಜನೆ ಬರೆದುಕೊಡುವುದು, ಪ್ರಶ್ನೆಪತ್ರಿಕೆ ಸಿದ್ಧಪಡಿಸುವುದು, ಒಂದು ಭಾಷೆಯಿಂದ ಇನ್ನೊಂದಕ್ಕೆ ತಿರುಗಿಸುವುದು ಇವೆಲ್ಲವನ್ನೂ ಅದು ಕ್ಷಣಮಾತ್ರದಲ್ಲಿ ಮಾಡುತ್ತದೆ. ಇನ್ನು ಮುಂದೆ ಶಾಲೆಗೆ ಗುರುಗಳೇ ಬೇಡವೇನೋ ಎಂದು ಕೆಲವರು ಹೆದರುತ್ತಾರೆ. ಇದರಿಂದ ಮಕ್ಕಳು ಕೆಟ್ಟೇ ಹೋಗುತ್ತಾರೆಂದು ಕೆಲವರು ಕೈಚೆಲ್ಲುತ್ತಾರೆ. ಒಂಟಿಯಾಗಿ ನಾಲ್ಕು ತರಗತಿಗಳನ್ನು ನಿಭಾಯಿಸುವ ಅತಿಥಿ ಶಿಕ್ಷಕಿಗೆ ಇದರಿಂದ ಏನು ಉಪಕಾರ, ಏನು ಅಪಾಯ ಎಂಬುದನ್ನು ಸಮಾಧಾನದಿಂದ ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬಳ್ಳಾರಿ ಸೀಮೆಯ ಹಳೆಯ ಪಾಠ

ಗುರುವಿಗೆ ಸಹಾಯಕನನ್ನು ಒದಗಿಸುವ ಯೋಚನೆ ಹೊರಗಿನಿಂದ ಬಂದ ಹೊಸ ಸರಕೆಂದು ಯಾರೂ ತಿಳಿಯಬೇಕಾಗಿಲ್ಲ. ಅದಕ್ಕೆ ನಮ್ಮ ಬಳ್ಳಾರಿ ಸೀಮೆಯೇ ಸಾಕ್ಷಿ. ೧೮೨೨ರಲ್ಲಿ ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ, ತನ್ನ ಆಡಳಿತದ ಎಲ್ಲ ಜಿಲ್ಲೆಗಳಲ್ಲಿ ದೇಶೀಯ ಶಾಲೆಗಳು ಎಷ್ಟಿವೆ, ಹೇಗಿವೆ ಎಂದು ವರದಿ ಕೇಳಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಪ್‌ಬೆಲ್ ೧೮೨೩ರ ಆಗಸ್ಟ್ ತಿಂಗಳಲ್ಲಿ ಸಲ್ಲಿಸಿದ ವರದಿ ಅವುಗಳಲ್ಲಿಯೇ ಅತ್ಯಂತ ವಿವರವಾದದ್ದು. ಧರಂಪಾಲರು ೧೯೮೩ರಲ್ಲಿ ಈ ದಾಖಲೆಗಳನ್ನೆಲ್ಲ ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಅದು ಮತ್ತೆ ಜನರ ಗಮನಕ್ಕೆ ಬಂದಿತು.

ಅಂದಿನ ಬಳ್ಳಾರಿ ಜಿಲ್ಲೆ ವಿಶಾಲವಾಗಿತ್ತು; ಅನಂತಪುರದ ಪ್ರದೇಶವೂ ಅದರಲ್ಲಿಯೇ ಸೇರಿತ್ತು. ಒಂಬತ್ತು ಲಕ್ಷಕ್ಕೆ ಮೀರಿದ ಜನಸಂಖ್ಯೆಯ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ೨೩೫ ಕನ್ನಡದವು, ೨೨೬ ತೆಲುಗಿನವು. ಉಳಿದವು ಮರಾಠಿ, ಪಾರಸಿ, ಸಂಸ್ಕೃತ ಮತ್ತು ತಮಿಳಿನವು. ಇಂಗ್ಲಿಷಿನದು ಒಂದೇ ಒಂದು. ಓದುತ್ತಿದ್ದ ಮಕ್ಕಳ ಸಂಖ್ಯೆ ೬,೬೪೧. ಎಂದರೆ ಸಾವಿರ ಜನರಿಗೆ ಸುಮಾರು ಏಳು ಮಕ್ಕಳಷ್ಟೇ ಶಾಲೆಯಲ್ಲಿದ್ದರು. ನೇಯ್ಗೆಯ ಕಸುಬು ಕುಸಿದು ಜನ ಬಡವಾದುದರಿಂದಲೂ, ಹಿಂದಿನ ಅರಸರು ವಿದ್ಯೆಗೆ ಕೊಡುತ್ತಿದ್ದ ಆಶ್ರಯ ತಪ್ಪಿದುದರಿಂದಲೂ ಅನೇಕ ಹಳ್ಳಿಗಳ ಶಾಲೆಗಳು ಮುಚ್ಚಿಹೋದವೆಂದು ಕ್ಯಾಂಪ್‌ಬೆಲ್ ಮರೆಮಾಚದೆ ಬರೆದಿದ್ದಾನೆ.

ಆ ಶಾಲೆಗಳು ನಡೆಯುತ್ತಿದ್ದ ಬಗೆ ಸ್ವಾರಸ್ಯಕರವಾಗಿದೆ. ಮಕ್ಕಳು ಮೊದಲು ಉಸುಕಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಹಲಗೆ, ಬಳಪ. ಇದ್ದಿಲು ಮತ್ತು ಅಂಟನ್ನು ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತ. ಒಬ್ಬನೇ ಅಯ್ಯನವರು ಎಲ್ಲರಿಗೂ ಪಾಠ ಹೇಳುವುದು ಸಾಧ್ಯವಿರಲಿಲ್ಲ. ಆದುದರಿಂದ ಮಕ್ಕಳನ್ನು ಅವರ ಕಲಿಕೆಗೆ ತಕ್ಕಂತೆ ಸಾಮಾನ್ಯವಾಗಿ ನಾಲ್ಕು ಗುಂಪುಗಳಾಗಿ ಮಾಡಿ, ಕೆಳಗಿನ ಗುಂಪುಗಳನ್ನು ಮುಂದುವರಿದ ಹುಡುಗರ ವಶಕ್ಕೆ ಕೊಡುತ್ತಿದ್ದರು. ನಮ್ಮ ಹಿರಿಯರು ಕೂಲಿಮಠಗಳಲ್ಲಿ 'ಹಿರೇಮಣಿ' ಎಂದು ಕರೆಯುತ್ತಿದ್ದುದು ಇಂಥ ಹುಡುಗನನ್ನೇ. ಅಯ್ಯನವರು ದೊಡ್ಡವರಿಗೆ ಪಾಠ ಹೇಳುತ್ತಲೇ ಇಡೀ ಶಾಲೆಯ ಮೇಲೆ ಕಣ್ಣಿಟ್ಟಿರುತ್ತಿದ್ದರು. ಹಿರೇಮಣಿ ಚಿಕ್ಕವರಿಗೆ ಕಲಿಸುತ್ತ ತಾನು ಕಲಿತದ್ದನ್ನು ಗಟ್ಟಿಮಾಡಿಕೊಳ್ಳುತ್ತಿದ್ದ. ಈ ಪದ್ಧತಿಯನ್ನು ಕ್ಯಾಂಪ್‌ಬೆಲ್ ಬಹುವಾಗಿ ಮೆಚ್ಚಿಕೊಂಡು, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಯೋಗ್ಯವೇ ಆಗಿದೆಯೆಂದು ಹೇಳಿದ್ದಾನೆ. ಆ ಮಾತು ಹುಸಿಯಲ್ಲ. ಮದರಾಸಿನ ಅನಾಥಾಲಯದ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ಉಸುಕಿನ ಮೇಲೆ ಬರೆಯುತ್ತಿದ್ದ ಇಲ್ಲಿನ ಮಕ್ಕಳನ್ನು ಕಂಡು ತನ್ನ ಶಾಲೆಯಲ್ಲಿ ಅದೇ ಕ್ರಮವನ್ನು ಅಳವಡಿಸಿ, ೧೭೯೭ರಲ್ಲಿ ಅದರ ಬಗೆಗೆ ಪುಸ್ತಕ ಪ್ರಕಟಿಸಿದ್ದನು. ಮುಂದೆ ಅದು 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿನಲ್ಲಿ ಹಬ್ಬಿತು.

ಇದೇ ವರದಿಯಲ್ಲಿ ನಮ್ಮ ಸಮಾಜದ ಓದುಗರಿಗೆ ಅಭಿಮಾನದ ಸಂಗತಿಯೊಂದಿದೆ. ಲಿಂಗಧಾರಿಗಳ ಮಕ್ಕಳು ಎಲ್ಲರೂ ಓದುವ ಪುಸ್ತಕಗಳ ಜೊತೆಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚನ್ನಬಸವೇಶ್ವರ ಪುರಾಣ ಮೊದಲಾದವುಗಳನ್ನು ಓದುತ್ತಿದ್ದರೆಂದು ಕ್ಯಾಂಪ್‌ಬೆಲ್ ಹೆಸರು ಹಿಡಿದು ಬರೆದಿದ್ದಾನೆ. ಹಂಪೆಯ ಹರಿಹರನ ಕಾವ್ಯವನ್ನು ಇನ್ನೂರು ವರ್ಷಗಳ ಹಿಂದೆ ಈ ಸೀಮೆಯ ಮಕ್ಕಳು ಶಾಲೆಯಲ್ಲಿಯೇ ಬಾಯಿಪಾಠ ಮಾಡುತ್ತಿದ್ದರೆಂದರೆ ಯಾರಿಗೆ ಸಂತೋಷವಾಗದು?

ಆದರೆ ಅಭಿಮಾನದ ಬೆನ್ನಿಗೇ ಒಂದು ಕಹಿ ಮಾತೂ ಅಲ್ಲಿದೆ. ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ, ಆದರೆ ಅವುಗಳ ಅರ್ಥ ತಿಳಿದಿಲ್ಲ, ಕಲಿಸಿದ ಮಾತನ್ನೇ ಆಡುವ ಗಿಳಿಗಿಂತ ಹೆಚ್ಚಿನ ತಿಳಿವಳಿಕೆ ಅವರಿಗಿಲ್ಲ ಎಂಬ ಆಕ್ಷೇಪವನ್ನು ಆತ ಎತ್ತಿದ್ದಾನೆ. ಈ ಗಿಳಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದು ಮತ್ತೆ ಬರಲಿದೆ.

ಯಂತ್ರ ಮಾಡುವುದೇನು?

ಇನ್ನು ಇಂದಿನ ಸಹಾಯಕನ ಕಡೆಗೆ ತಿರುಗೋಣ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 'ಶಿಕ್ಷಾ ಕೋಪೈಲಟ್' ಎಂಬ ಸಾಧನವೊಂದು ೨೦೨೩ರಿಂದ ಪ್ರಯೋಗದಲ್ಲಿದೆ. ಬೆಂಗಳೂರಿನ ಶಿಕ್ಷಣ ಫೌಂಡೇಶನ್ ಮತ್ತು ಮೈಕ್ರೋಸಾಫ್ಟ್ ಸಂಸ್ಥೆಯ ಭಾರತೀಯ ಸಂಶೋಧನಾ ವಿಭಾಗ ಸೇರಿ ಇದನ್ನು ರೂಪಿಸಿವೆ. ಶಿಕ್ಷಕರು ತರಗತಿ, ವಿಷಯ, ಮಾಧ್ಯಮ ಮತ್ತು ಪಾಠದ ಹೆಸರನ್ನು ಆರಿಸಿದರೆ, ಅದು ಪಠ್ಯಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಪಾಠಯೋಜನೆಯನ್ನು ಸಿದ್ಧಪಡಿಸುತ್ತದೆ. ಪಾಠವನ್ನು ಹೇಗೆ ಆರಂಭಿಸಬೇಕು, ಮಕ್ಕಳಿಂದ ಯಾವ ಚಟುವಟಿಕೆ ಮಾಡಿಸಬೇಕು, ಕೊನೆಗೆ ಯಾವ ಪ್ರಶ್ನೆ ಕೇಳಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಶಿಕ್ಷಕರು ಅದನ್ನು ತಮ್ಮ ತರಗತಿಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಮೊದಲು ಮೂವತ್ತರಷ್ಟು ಶಾಲೆಗಳಲ್ಲಿ ಆರಂಭವಾದ ಈ ಪ್ರಯೋಗ ಕ್ರಮೇಣ ವಿಸ್ತಾರವಾಯಿತು.

೨೦೨೫ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಸಾಧನವನ್ನು ಬಳಸಿದ ೧,೦೪೩ ಶಿಕ್ಷಕರ ಹಾಗೂ ಯಂತ್ರದ ಬರಹವನ್ನು ಪರಿಶೀಲಿಸಿ ತಿದ್ದುವ ೨೩ ಮಂದಿಯ ಅನುಭವವನ್ನು ಕಲೆಹಾಕಿದೆ. ಪಾಠಯೋಜನೆಗೆ ಹಿಡಿಯುವ ಹೊತ್ತು ಉಳಿಯಿತು, ಕಾಗದಪತ್ರದ ಹೊರೆ ಹಗುರಾಯಿತು, ಕಲಿಸುವ ಕೆಲಸದ ಒತ್ತಡ ಇಳಿಯಿತು, ಉಪನ್ಯಾಸಕ್ಕಿಂತ ಚಟುವಟಿಕೆಯ ಕಡೆಗೆ ಒಲವು ಹೆಚ್ಚಿತು ಎಂಬುದು ಒಂದು ಮುಖ. ಶಿಕ್ಷಕರ ಕೊರತೆ ಮತ್ತು ಆಡಳಿತದ ಕೆಲಸಗಳು ಹಾಗೆಯೇ ಉಳಿದಿರುವವರೆಗೆ ಬೋಧನೆಯಲ್ಲಿ ದೊಡ್ಡ ಬದಲಾವಣೆಯನ್ನು ನಿರೀಕ್ಷಿಸುವಂತಿಲ್ಲ ಎಂಬುದು ಇನ್ನೊಂದು ಮುಖ. ನಾವು ಈ ಎರಡನೆಯ ಮುಖವನ್ನು ಹೆಚ್ಚು ಮುಖ್ಯವೆಂದು ಎಣಿಸುತ್ತೇವೆ.

ಈ ಯಂತ್ರ ಯೋಚಿಸುವುದಿಲ್ಲ. ಮನುಷ್ಯರು ಬರೆದ ಕೋಟ್ಯಂತರ ಪುಟಗಳನ್ನು ಅದಕ್ಕೆ ಊಡಿಸಿರುತ್ತಾರೆ. ಒಂದು ಮಾತಿನ ಮುಂದೆ ಸಾಮಾನ್ಯವಾಗಿ ಯಾವ ಮಾತು ಬರುತ್ತದೆಯೆಂಬ ಲೆಕ್ಕವನ್ನು ಅದು ಅವುಗಳಿಂದ ಕಲಿತು, ಆ ಲೆಕ್ಕದಂತೆ ಮಾತಿಗೆ ಮಾತು ಜೋಡಿಸುತ್ತದೆ. ಜೋಡಣೆ ಬಹಳ ಸಲ ಸರಿಯಾಗಿರುತ್ತದೆ. ಕೆಲವೊಮ್ಮೆ ಸುಳ್ಳನ್ನೂ ಅಷ್ಟೇ ನಯವಾಗಿ, ಅಷ್ಟೇ ಧೈರ್ಯದಿಂದ ಹೇಳುತ್ತದೆ. ೨೦೨೧ರಲ್ಲಿ ಎಮಿಲಿ ಬೆಂಡರ್, ತಿಮ್ನಿಟ್ ಗೆಬ್ರು ಮೊದಲಾದ ವಿದುಷಿಯರು ಬರೆದ ಪ್ರಸಿದ್ಧ ಪ್ರಬಂಧವೊಂದು ಇಂಥ ಯಂತ್ರಗಳನ್ನು ಗಿಳಿಗಳೆಂದೇ ಕರೆಯಿತು. ಬಳ್ಳಾರಿಯ ಕಲೆಕ್ಟರ್ ಇನ್ನೂರು ವರ್ಷಗಳ ಹಿಂದೆ ನಮ್ಮ ಹುಡುಗರ ಬಗೆಗೆ ಆಡಿದ ಮಾತನ್ನು ಈಗ ಪಂಡಿತರು ಯಂತ್ರದ ಬಗೆಗೆ ಆಡುತ್ತಿದ್ದಾರೆ. ಇಂಗ್ಲಿಷಿನ ಪುಟಗಳಿಗೆ ಹೋಲಿಸಿದರೆ ಯಂತ್ರ ಓದಿರುವ ಕನ್ನಡ ಬಹಳ ಕಡಿಮೆ. ನಮ್ಮ ಹಳ್ಳಿಯ ಮಾತಂತೂ ಇನ್ನೂ ಕಡಿಮೆ.

ನಾವು ಕಂಡ ಒಂದು ತರಗತಿ

ಕಳೆದ ವರ್ಷ ಹರಪನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ ಹೋದಾಗ ಅಲ್ಲಿಯ ಸರಕಾರಿ ಶಾಲೆಯಲ್ಲಿ ಒಂದು ಹೊತ್ತು ಕುಳಿತಿದ್ದೆವು. ಮುಖ್ಯಗುರುಗಳು ಸಭೆಗೆಂದು ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದರು. ಎರಡು ಕೋಣೆಗಳ ಎಲ್ಲ ಮಕ್ಕಳೂ ಒಬ್ಬ ಅತಿಥಿ ಶಿಕ್ಷಕಿಯ ಪಾಲಿಗೆ ಬಂದಿದ್ದರು. ಒಂದರಿಂದ ಮೂರನೆಯವರೆಗಿನ ಮಕ್ಕಳು ನಲಿಕಲಿಯ ತಟ್ಟೆಗಳ ಸುತ್ತ. ನಾಲ್ಕು, ಐದನೆಯವರು ಗೋಡೆಯ ಬದಿಗೆ. ಆಕೆ ತಮ್ಮ ಮೊಬೈಲಿನಲ್ಲಿದ್ದ ಒಂದು ಸಾಧನದಿಂದ ದೊಡ್ಡವರಿಗೆ ಅಭ್ಯಾಸದ ಪ್ರಶ್ನೆಗಳನ್ನು ಮಾಡಿಸಿಕೊಂಡು ಕರಿಹಲಗೆಯ ಮೇಲೆ ಬರೆಯುತ್ತಿದ್ದರು.

"ತಾಯೀ, ಇದರಿಂದ ನಿಮಗೆ ಅನುಕೂಲವಾಗಿದೆಯೇ?" ಎಂದು ಕೇಳಿದೆವು.

"ಆಗೇತ್ರಿ ಸರ್. ಮೊದಲೆಲ್ಲ ರಾತ್ರಿ ಹನ್ನೊಂದರ ತನಕ ಕುಂತು ಬರಕೋತಿದ್ದೆ. ಈಗ ಆ ಹೊತ್ತಿನ್ಯಾಗ ನನ್ನ ಮಗನ ಜೊತಿಗೆ ಕುಂದರ್ತೀನಿ" ಎಂದರು.

ಈ ಒಂದು ಮಾತು ನಮಗೆ ಹಲವು ವರದಿಗಳಿಗಿಂತ ಹೆಚ್ಚಿನದಾಗಿ ತೋರಿತು. ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹಲಗೆಯ ಮೇಲೆ ಬರೆದ ಪ್ರಶ್ನೆಗಳಲ್ಲಿ ಒಂದು, ದಾವಣಗೆರೆ ಜಿಲ್ಲೆಯ ತಾಲ್ಲೂಕುಗಳನ್ನು ಕುರಿತದ್ದು. ಯಂತ್ರ ಕೊಟ್ಟ ಉತ್ತರದಲ್ಲಿ ಹರಪನಹಳ್ಳಿಯೂ ಸೇರಿತ್ತು. ಐದನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮೇಡಂ, ನಮ್ಮ ಜಿಲ್ಲಾ ವಿಜಯನಗರ ಅಲ್ರಿ?" ಎಂದ. ಹುಡುಗನ ಮಾತೇ ಸರಿ. ಹರಪನಹಳ್ಳಿ ೧೯೯೭ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, ೨೦೧೮ರಲ್ಲಿ ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಯಂತ್ರ ಹಳೆಯ ಬರಹಗಳನ್ನು ಓದಿ ಹಳೆಯ ಮಾತನ್ನೇ ಹೇಳಿತ್ತು. ಆ ಶಿಕ್ಷಕಿ ನಾಚಿಕೊಳ್ಳಲಿಲ್ಲ. ಹುಡುಗನ ಬೆನ್ನು ತಟ್ಟಿ, ತಪ್ಪನ್ನು ಅವನ ಕೈಯಿಂದಲೇ ಅಳಿಸಿ ಬರೆಸಿದರು. ಆ ತಪ್ಪೇ ಅಂದಿನ ಒಳ್ಳೆಯ ಪಾಠವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಪ್ರಸಂಗ ನಡೆಯಿತು. ಚಿಕ್ಕವರ ಪಾಠದಲ್ಲಿ 'ಆವಿ' ಎಂಬ ಪದ ಬಂತು. ಹತ್ತಿರದ ತಾಂಡಾದಿಂದ ಬರುವ ಒಂದು ಮಗುವಿಗೆ ಅದು ತಿಳಿಯಲಿಲ್ಲ. ಮನೆಯಲ್ಲಿ ಲಂಬಾಣಿ ಮಾತು. ಶಾಲೆಯ ಕನ್ನಡ ಅದಕ್ಕಿನ್ನೂ ಹೊಸದು. ಶಿಕ್ಷಕಿ ಎರಡು ಬಗೆಯಲ್ಲಿ ಹೇಳಿದರು, ಮಗು ಸುಮ್ಮನೆ ನೋಡಿತು. ಮೊಬೈಲಿನ ಸಾಧನಕ್ಕೆ ಲಂಬಾಣಿ ಬಾರದು. ಆಗ ಗೋಡೆಯ ಬದಿಗೆ ಕುಳಿತಿದ್ದ ಅದೇ ತಾಂಡಾದ ದೊಡ್ಡ ಹುಡುಗಿಯೊಬ್ಬಳು ತಾನಾಗಿಯೇ ಎದ್ದು ಬಂದು, ಆ ಮಗುವಿನ ಕೈ ಹಿಡಿದು ಬಿಸಿಯೂಟದ ಅಡುಗೆಕೋಣೆಯ ಬಾಗಿಲಿಗೆ ಕರೆದುಕೊಂಡು ಹೋದಳು. ಕುದಿಯುವ ಪಾತ್ರೆಯಿಂದ ಮೇಲೇಳುತ್ತಿದ್ದುದನ್ನು ತೋರಿಸಿ ತಮ್ಮ ಮಾತಿನಲ್ಲಿ ಏನೋ ಹೇಳಿದಳು. ಮಗುವಿನ ಮುಖ ಅರಳಿತು. ಕ್ಯಾಂಪ್‌ಬೆಲ್ ಕಂಡಿದ್ದ ಹಿರೇಮಣಿಯನ್ನು ನಾವು ಅಂದು ಕಣ್ಣಾರೆ ಕಂಡೆವು.

ಹೊರನಾಡುಗಳ ಅನುಭವ

ಇಂಥ ಪ್ರಯೋಗಗಳು ಬೇರೆ ದೇಶಗಳಲ್ಲಿಯೂ ನಡೆದಿವೆ. ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಅಶೋಕ ಗೋಯಲ್ ಅವರು ೨೦೧೬ರಲ್ಲಿ 'ಜಿಲ್ ವಾಟ್ಸನ್' ಎಂಬ ಯಂತ್ರ ಸಹಾಯಕಿಯನ್ನು ತಮ್ಮ ದೂರಶಿಕ್ಷಣದ ತರಗತಿಗೆ ನೇಮಿಸಿದರು. ವಿದ್ಯಾರ್ಥಿಗಳು ಮತ್ತೆಮತ್ತೆ ಕೇಳುವ ಸಾಮಾನ್ಯ ಪ್ರಶ್ನೆಗಳಿಗೆ ಅದು ಉತ್ತರ ಬರೆಯುತ್ತಿತ್ತು. ಅವಧಿ ಮುಗಿಯುವವರೆಗೆ ಅದು ಮನುಷ್ಯಳಲ್ಲವೆಂಬುದು ಅವರಿಗೆ ಗೊತ್ತಾಗಲಿಲ್ಲ. ಆದರೆ ಅವರು ಬೆಳೆದ ವಿದ್ಯಾರ್ಥಿಗಳು. ನಮ್ಮ ಮೂರನೆಯ ತರಗತಿಯ ಮಗುವಿಗೂ ಅವರಿಗೂ ಬಹಳ ಅಂತರವಿದೆ.

ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೪ರಲ್ಲಿ ಪ್ರಕಟಿಸಿದ ಪರೀಕ್ಷೆ. ಅದರಲ್ಲಿ ೯೦೦ ಮಂದಿ ಸಹಾಯಕ ಬೋಧಕರು, ೧,೮೦೦ ಮಕ್ಕಳು. ಯಂತ್ರವನ್ನು ಮಕ್ಕಳ ಕೈಗೆ ಕೊಡಲಿಲ್ಲ, ಬೋಧಕರ ಕೈಗೆ ಕೊಟ್ಟರು. ಮಗು ಲೆಕ್ಕದಲ್ಲಿ ತಪ್ಪಿದಾಗ ಬೋಧಕರು ಮುಂದೆ ಯಾವ ಪ್ರಶ್ನೆ ಕೇಳಬಹುದು, ಯಾವ ಸುಳಿವು ಕೊಡಬಹುದು ಎಂಬುದನ್ನು ಅದು ಸೂಚಿಸುತ್ತಿತ್ತು. ಅಂಥ ಬೋಧಕರಿಂದ ಕಲಿತವರಲ್ಲಿ ಪಾಠವನ್ನು ಕರಗತ ಮಾಡಿಕೊಂಡವರ ಪ್ರಮಾಣ ಶೇಕಡಾ ನಾಲ್ಕು ಅಂಶಗಳಷ್ಟು ಹೆಚ್ಚಿತು. ನುರಿತವರಲ್ಲದ ಬೋಧಕರ ಮಕ್ಕಳಲ್ಲಿ ಈ ಏರಿಕೆ ಒಂಬತ್ತು ಅಂಶಗಳಷ್ಟಿತ್ತು. ವರ್ಷಕ್ಕೆ ಒಬ್ಬ ಬೋಧಕರಿಗೆ ತಗುಲಿದ ವೆಚ್ಚ ಇಪ್ಪತ್ತು ಡಾಲರುಗಳು. ತರಬೇತಿ ಕಡಿಮೆಯಿದ್ದವರಿಗೇ ಹೆಚ್ಚು ಲಾಭವಾಯಿತೆಂಬುದು ನಮ್ಮ ಅತಿಥಿ ಶಿಕ್ಷಕರ ಮಟ್ಟಿಗೆ ಭರವಸೆಯ ಮಾತು.

ಇದಕ್ಕೆ ಎದುರಾದ ಅನುಭವವೊಂದು ಟರ್ಕಿ ದೇಶದಿಂದ ಬಂದಿದೆ. ಅಲ್ಲಿ ಸುಮಾರು ಸಾವಿರ ಪ್ರೌಢಶಾಲಾ ವಿದ್ಯಾರ್ಥಿಗಳ ಮೇಲೆ ಗಣಿತದಲ್ಲಿ ಪ್ರಯೋಗ ಮಾಡಿದರು. ಯಂತ್ರವನ್ನು ಯಾವ ಕಟ್ಟುಪಾಡೂ ಇಲ್ಲದೆ ನೇರವಾಗಿ ಕೈಗೆ ಕೊಟ್ಟ ಮಕ್ಕಳು ಅಭ್ಯಾಸದ ವೇಳೆಯಲ್ಲಿ ಶೇಕಡಾ ೪೮ರಷ್ಟು ಹೆಚ್ಚು ಚೆನ್ನಾಗಿ ಲೆಕ್ಕ ಬಿಡಿಸಿದರು. ಯಂತ್ರವನ್ನು ಕಸಿದುಕೊಂಡು ಪರೀಕ್ಷೆ ಮಾಡಿದಾಗ, ಅದನ್ನು ಎಂದೂ ಬಳಸದಿದ್ದ ಮಕ್ಕಳಿಗಿಂತ ಶೇಕಡಾ ೧೭ರಷ್ಟು ಹಿಂದೆ ಬಿದ್ದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಯಂತ್ರವನ್ನು ತಿದ್ದಿದಾಗ ಈ ಕೆಡುಕು ಬಹುಮಟ್ಟಿಗೆ ತಪ್ಪಿತು. ಎರಡೂ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ತಾತ್ಪರ್ಯ ಸ್ಪಷ್ಟ. ಗುರುವಿನ ಕೈಯಲ್ಲಿದ್ದರೆ ಅದು ಊರುಗೋಲು. ಮಗುವಿನ ಕೈಯಲ್ಲಿ ಹದ್ದುಬಸ್ತಿಲ್ಲದೆ ಬಿಟ್ಟರೆ, ನಡೆಯಬಲ್ಲ ಮಗುವನ್ನೂ ಕುಂಟಾಗಿಸುವ ಕೋಲು.

ನಮ್ಮ ನಿಲುವು

ಇಷ್ಟನ್ನು ತಿಳಿದ ಮೇಲೆ ನಾವು ಏನು ಮಾಡಬೇಕು? ಮೊದಲನೆಯದಾಗಿ, ಯಂತ್ರವಿದೆಯೆಂಬ ನೆಪದಿಂದ ಖಾಲಿ ಹುದ್ದೆಗಳು ಖಾಲಿಯಾಗಿಯೇ ಉಳಿಯಬಾರದು. ಈ ಐದು ತಾಲ್ಲೂಕುಗಳು ಮಳೆಯನ್ನು ನಂಬಿದ ನಾಡು. ೨೦೦೨ರಲ್ಲಿ ಡಾ. ನಂಜುಂಡಪ್ಪ ಸಮಿತಿಯು ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಕೂಡ್ಲಿಗಿ, ಹರಪನಹಳ್ಳಿಗಳನ್ನು ಸೇರಿಸಿತ್ತು. ಸಂವಿಧಾನದ ೩೭೧(ಜೆ) ವಿಧಿಯ ವಿಶೇಷ ಸ್ಥಾನಮಾನವೂ ಈ ಭಾಗಕ್ಕೆ ದೊರೆತಿದೆ. ಅದರ ಫಲ ಮೊದಲು ಕಾಣಬೇಕಾದದ್ದು ತರಗತಿಯಲ್ಲಿ ನಿಂತಿರುವ ಗುರುವಿನ ರೂಪದಲ್ಲಿ. ಸುಗ್ಗಿ ಮುಗಿದೊಡನೆ ತಂದೆತಾಯಿಗಳ ಜೊತೆ ಕಬ್ಬು ಕಡಿಯಲೆಂದು, ಕಾಫಿ ತೋಟದ ಕೆಲಸಕ್ಕೆಂದು ಗುಳೆ ಹೋಗುವ ಮಗು ಮತ್ತೆ ಶಾಲೆಗೆ ಬಂದಾಗ, "ಎಲ್ಲಿ ಹೋಗಿದ್ದೆಯಪ್ಪಾ, ಉಂಡೆಯಾ?" ಎಂದು ಕೇಳುವ ಬಾಯಿ ಯಂತ್ರಕ್ಕಿಲ್ಲ.

ಎರಡನೆಯದಾಗಿ, ಯಂತ್ರ ಉಳಿಸಿಕೊಟ್ಟ ಹೊತ್ತು ಮಕ್ಕಳಿಗೂ ಗುರುವಿಗೂ ಸಲ್ಲಬೇಕು. ಒಂದು ಗಂಟೆ ಉಳಿಯಿತೆಂದರೆ ಆ ಗಂಟೆಗೆ ಇನ್ನೆರಡು ನಮೂನೆ ತುಂಬಿಸುವ ಕೆಲಸ ಬಂದು ಕೂರುವುದು ನಮ್ಮಲ್ಲಿ ಅಪರೂಪವಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಲ್ಲಿರುವ ತಂದೆತಾಯಿಗಳು ಇದರ ಮೇಲೆ ಕಣ್ಣಿಡಬೇಕು. ಇಂಥ ಸಾಧನದ ತರಬೇತಿಗೆ ಕಾಯಂ ಶಿಕ್ಷಕರನ್ನಷ್ಟೇ ಕರೆದು ಅತಿಥಿ ಶಿಕ್ಷಕರನ್ನು ಬಿಡಬಾರದೆಂದೂ ಸಮಿತಿಗಳು ಕೇಳಬಹುದು. ಅವರ ಸ್ವಂತ ಮೊಬೈಲು, ಅವರ ಸ್ವಂತ ರೀಚಾರ್ಜು, ಕೆಲಸ ಮಾತ್ರ ಶಾಲೆಯದೆಂಬುದು ನ್ಯಾಯವಲ್ಲ.

ಮೂರನೆಯದಾಗಿ, ಮಕ್ಕಳ ಹೆಸರು, ಭಾವಚಿತ್ರ, ಜಾತಿ, ಅಂಕ ಮೊದಲಾದವುಗಳನ್ನು ಇಂಥ ಸಾಧನಗಳಿಗೆ ಒಪ್ಪಿಸುವ ಮೊದಲು ಎಚ್ಚರ ಬೇಕು. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಎಣಿಸಿ, ಅವರ ಮಾಹಿತಿಯನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆಂದು ವಿಧಿಸಿದೆ. ಇಂಥ ಯಂತ್ರಗಳೊಡನೆ ಸ್ವತಂತ್ರವಾಗಿ ಸಂಭಾಷಿಸಲು ಕನಿಷ್ಠ ಹದಿಮೂರು ವರ್ಷವಾದರೂ ಆಗಿರಬೇಕೆಂದು ಯುನೆಸ್ಕೋ ಸಂಸ್ಥೆಯೂ ಅದೇ ವರ್ಷ ಸಲಹೆ ನೀಡಿದೆ.

ನಾಲ್ಕನೆಯ ಮಾತು ನಮ್ಮ ಸಮಾಜದ ಒಳಗಿನದು. ಬಳ್ಳಾರಿಯ ವೀರಶೈವ ವಿದ್ಯಾವರ್ಧಕ ಸಂಘ ೧೯೧೬ರಲ್ಲಿ ಹುಟ್ಟಿದಾಗ ಈ ಭಾಗದಲ್ಲಿ ವಿದ್ಯೆಯ ಬಾಗಿಲುಗಳು ಎಷ್ಟು ಕಡಿಮೆಯಿದ್ದವೆಂಬುದನ್ನು ಹಿರಿಯರು ಬಲ್ಲರು. ಮಠಗಳೂ ಸಂಘಗಳೂ ಕಟ್ಟಿದ ಶಾಲೆಗಳಿಂದ ಸಹಸ್ರಾರು ಮನೆಗಳಿಗೆ ಅಕ್ಷರ ಬಂದಿತು. ಆ ಪುಣ್ಯದ ನೆನಪಿನಲ್ಲಿಯೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕಾಗಿದೆ. ನಮ್ಮವೆಂದು ಹೇಳಿಕೊಳ್ಳುವ ಖಾಸಗಿ ಶಾಲೆಗಳಲ್ಲಿ ದುಡಿಯುವ ಶಿಕ್ಷಕಿಯರಿಗೆ ನಾವು ಕೊಡುತ್ತಿರುವುದೆಷ್ಟು? ಕಾಯಕಕ್ಕೆ ತಕ್ಕ ಪ್ರತಿಫಲವೂ ಗೌರವವೂ ಇಲ್ಲದ ಕಡೆ ಕಾಯಕವೇ ಕೈಲಾಸವೆಂದು ಗೋಡೆಯ ಮೇಲೆ ಬರೆಸಿದರೆ ಸಾಲದು. ಸರಕಾರವನ್ನು ಕೇಳುವ ಮೊದಲು ನಮ್ಮ ಆಡಳಿತ ಮಂಡಳಿಗಳೂ ತಮ್ಮ ವೇತನದ ಪುಸ್ತಕವನ್ನು ತೆರೆದು ನೋಡಲಿ.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಊರಿನ ಮಠದಲ್ಲಿಯೋ ಸಮುದಾಯ ಭವನದಲ್ಲಿಯೋ ತಿಂಗಳಿಗೊಂದು ಭಾನುವಾರ ಸುತ್ತಲಿನ ಅತಿಥಿ ಶಿಕ್ಷಕರನ್ನು, ಯಾವ ಜಾತಿ ಯಾವ ಶಾಲೆಯೆಂದು ಕೇಳದೆ, ಕರೆಯಿಸಬಹುದು. ಯಂತ್ರವನ್ನು ಬಲ್ಲ ಊರಿನ ಯುವಕರು ಅದರ ಬಳಕೆಯನ್ನೂ ಅದರ ತಪ್ಪನ್ನು ಹಿಡಿಯುವ ಬಗೆಯನ್ನೂ ತೋರಿಸಿಕೊಡಲಿ. ಹಡಗಲಿಯ ಮಲ್ಲಿಗೆಯ ಲೆಕ್ಕ, ಹಗರಿಬೊಮ್ಮನಹಳ್ಳಿಯ ಸಂತೆಯ ಲೆಕ್ಕ, ಕೊಟ್ಟೂರು ತೇರಿನ ಮಿಣಿಯ ಉದ್ದ, ಕೂಡ್ಲಿಗಿಯ ಶೇಂಗಾ ಹೊಲದ ವಿಸ್ತೀರ್ಣ ಇಂಥ ನಮ್ಮ ಊರಿನ ಉದಾಹರಣೆಗಳನ್ನು ಯಂತ್ರದ ಪಾಠದೊಳಗೆ ಸೇರಿಸುವ ಕೆಲಸವನ್ನು ಶಿಕ್ಷಕರು ಒಟ್ಟಿಗೆ ಕುಳಿತು ಮಾಡಲಿ. ಮಧ್ಯಾಹ್ನ ಪ್ರಸಾದವಾಗಲಿ. ದಾಸೋಹಕ್ಕೆ ಇದಕ್ಕಿಂತ ಒಳ್ಳೆಯ ರೂಪ ನಮಗೆ ತೋಚುತ್ತಿಲ್ಲ.

ಮನೆಯಲ್ಲಿ ತಾಯಂದಿರು ಮಾಡಬೇಕಾದದ್ದು ಇನ್ನೂ ಸುಲಭ. ಮಗು ಮೊಬೈಲು ನೋಡಿ ಉತ್ತರ ಬರೆದಿದೆಯೆಂದು ಅನುಮಾನ ಬಂದರೆ ಗದರಬೇಡಿ. "ಇದನ್ನು ನನಗೆ ತಿಳಿಯುವ ಹಾಗೆ ಹೇಳು ನೋಡೋಣ" ಎನ್ನಿ. ಹೇಳಿದರೆ ಕಲಿತಿದೆ, ಹೇಳದಿದ್ದರೆ ಗಿಳಿಯಾಗಿದೆ. ಚಿಕ್ಕ ತಮ್ಮನಿಗೋ ತಂಗಿಗೋ ಹೇಳಿಕೊಡಲು ಹಚ್ಚಿದರೆ ಇನ್ನೂ ಒಳ್ಳೆಯದು. ಆಗ ಪ್ರತಿ ಮನೆಯಲ್ಲಿಯೂ ಒಬ್ಬ ಹಿರೇಮಣಿ ಸಿದ್ಧನಾಗುತ್ತಾನೆ.

ಆ ದಿನ ಹರಪನಹಳ್ಳಿಯ ಹಳ್ಳಿಯಿಂದ ಹೊರಡುವಾಗ ಅತಿಥಿ ಶಿಕ್ಷಕಿ ಶಾಲೆಯ ಕಟ್ಟೆಯವರೆಗೆ ಬಂದರು. "ಬರುವ ವರ್ಷ ಬಂದಾಗ ಮತ್ತೆ ನಿಮ್ಮ ತರಗತಿಯನ್ನು ನೋಡುತ್ತೇವೆ ತಾಯಿ" ಎಂದೆವು. ಆಕೆ ನಕ್ಕು, "ಬರ್ರಿ ಸರ್. ನಾನು ಇದ್ರ ನಾನು ತೋರಸ್ತೀನಿ, ಇಲ್ಲಾಂದ್ರ ಹುಡುಗ್ರು ತೋರಸ್ತಾರ" ಎಂದರು. ಆ ನಗೆಯ ಹಿಂದಿನ ಅಳುಕು ಇನ್ನೂ ನಮ್ಮ ಮನಸ್ಸಿನಲ್ಲಿದೆ. ಯಂತ್ರಗಳು ವರ್ಷದಿಂದ ವರ್ಷಕ್ಕೆ ಜಾಣವಾಗುತ್ತಲೇ ಹೋಗುತ್ತವೆ. ಅದರ ಬಗೆಗೆ ನಮಗೆ ಚಿಂತೆಯಿಲ್ಲ. ಮಕ್ಕಳ ಹೆಸರು, ಮನೆಮಾತು, ಹಸಿವು ಮೂರನ್ನೂ ಬಲ್ಲ ಆ ತಾಯಿ ಬರುವ ಜೂನ್ ತಿಂಗಳಲ್ಲಿಯೂ ಅದೇ ಶಾಲೆಯಲ್ಲಿ ಇರುವಂತೆ ನೋಡಿಕೊಳ್ಳುವುದು ಮಾತ್ರ ಯಂತ್ರದ ಕೈಯಲ್ಲಿಲ್ಲ. ಅದು ಸಮಾಜದ ಕೈಯಲ್ಲಿದೆ, ನಮ್ಮ ನಿಮ್ಮೆಲ್ಲರ ಕೈಯಲ್ಲಿದೆ.